ಹಿಂದಿನ ಫ್ರೇಮಿನ ಮೇಲೆ ನಾಲ್ಕು ಜನ

ಆಗೆಲ್ಲ ಹೊಳೆನರಸೀಪುರದ ನಮ್ಮ ಬೀದಿಗೆ ಕಾರು ಬಂತೆಂದರೆ, ಯಾರ ಮನೆಗೆ ಯಾವ ನೆಂಟರು ಬಂದರೋ ಎಂದು ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. ಸ್ವಂತ ಕಾರಿನ ಮಾತು ನಮ್ಮಂಥವರ ಮನೆಯಲ್ಲಿ ಬರುತ್ತಲೇ ಇರಲಿಲ್ಲ. ಅಂಥದ್ದರಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದ ನಮ್ಮಪ್ಪ, ಮನೆಯ ಅಂಗಳದಲ್ಲೇ ಕಾರು ಕಟ್ಟಲು ಹೊರಟಿದ್ದ.

ಮೈಸೂರಿನಲ್ಲಿ ಯಾರೋ ಮನೆಯಲ್ಲೇ ಜೋಡಿಸಲೆಂದು ತರಿಸಿ, ಅರ್ಧಕ್ಕೆ ಕೈಬಿಟ್ಟಿದ್ದ ಕಾರಿನ ಭಾಗಗಳನ್ನೆಲ್ಲ ಅವನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಹಳೇ ಮಾರುತಿಯ ಇಂಜಿನ್ನು, ಸ್ಟೇರಿಂಗು, ಫೈಬರಿನ ಬಾಗಿಲು, ಮುಂದಿನ ಅರ್ಧ ಚಾಸಿಸ್ಸು, ಎಲ್ಲ ಇದ್ದವು. ಹಿಂದಿನ ಅರ್ಧ ಮಾತ್ರ ತುಕ್ಕು ತಿಂದು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಹಿಂದಿನ ಚಕ್ರ, ಸೀಟು, ಕೂತವರ ಭಾರ ಎಲ್ಲ ಹೊರಬೇಕಾದ ಚೌಕಟ್ಟು ಅದು. ಹೊಸದಾಗಿಯೇ ಮಾಡಬೇಕಿತ್ತು.

ಅವರೆಕಾಯಿ ಕಾಲ. ಬೀದಿಯ ಜಗಲಿಗಳಲ್ಲೆಲ್ಲ ಸೊಗಡಿನ ವಾಸನೆ. ನಮ್ಮ ಅಂಗಳದಲ್ಲಿ ಅದರ ಜೊತೆಗೆ ವೆಲ್ಡಿಂಗಿನ ಹೊಗೆ, ರೆಡ್ ಆಕ್ಸೈಡ್ ಬಣ್ಣದ ಘಾಟು. ನಾನು ಸ್ಕೂಲಿಂದ ಬಂದವಳೇ ಚೀಲ ಎಸೆದು, ಎದುರು ಮನೆಯ ಗೆಳತಿಯರನ್ನು ಇಟ್ಟಿಗೆಗಳ ಮೇಲೆ ಸಾಲಾಗಿ ಕೂರಿಸಿ, ಗೊರೂರು ಡ್ಯಾಮಿಗೆ ಕಾರು ಬಿಡುತ್ತಿದ್ದೆ. ಹಾರನ್ನು ಬಾಯಲ್ಲೇ.

ಅಪ್ಪ ಕಬ್ಬಿಣದ ಚೌಕ ಪೈಪುಗಳನ್ನು ಕತ್ತರಿಸಿ, ಮುಂದಿನ ಅರ್ಧಕ್ಕೆ ಬೆಸೆದು, ಚಕ್ರ ಕೂರಿಸಿ ಕೆಳಗಿಳಿಸಿದ. ಮೂರು ಚಕ್ರ ನೆಲಕ್ಕೆ ತಾಗಿದವು. ನಾಲ್ಕನೆಯದು ನಾಯಿ ಕಾಲೆತ್ತಿದ ಹಾಗೆ ಮೇಲೆಯೇ ನಿಂತಿತು. ನನಗೆ ನಗು ತಡೆಯಲಿಲ್ಲ. ಅಪ್ಪ ನಗಲಿಲ್ಲ. ಬಿಚ್ಚಿ ಮತ್ತೆ ಬೆಸೆದ. ಮತ್ತೆ ಸೊಟ್ಟ.

"ಗುಜರಿಗೆ ಹಾಕ್ಬುಡ್ತೀನಿ" ಎಂದು ಕಲ್ಲಿನ ಮೇಲೆ ಕೂತುಬಿಟ್ಟ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು: "ನಿಮ್ಮಣ್ಣನ್ನ ಕೇಳಿ."

ಅಪ್ಪ ಅವಳ ಮುಖ ನೋಡಿದ. ಅರಕಲಗೂಡು ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಮಾಡುವ ಶೆಡ್ ಇಟ್ಟಿದ್ದ ದೊಡ್ಡಪ್ಪ, ಅಪ್ಪನ ಮದುವೆಯಾದಾಗಿನಿಂದ ನಮ್ಮ ಮನೆಗೆ ಬಂದವರಲ್ಲ. ಅಮ್ಮ ಬೇರೆ ಜಾತಿಯವಳು. ಅಣ್ಣ ತಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ಮಾತಿರಲಿಲ್ಲ.

"ಬತ್ತಾನಾ ಅವ್ನು?"

"ಬರ್ದಿದ್ರೆ ಬರ್ದಿರ್ಲಿ. ಕೇಳಕ್ಕೇನು?"

ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಒಬ್ಬನೇ ಹೋಗಲು ಅವನಿಗೆ ಅಳುಕಿತ್ತೆಂದು ಈಗ ಅನ್ನಿಸುತ್ತದೆ. ದೊಡ್ಡಪ್ಪ ಎತ್ತಿದ ಸುತ್ತಿಗೆ ಇಳಿಸದೆ, "ಏನ್ಲಾ?" ಎಂದರು.

"ಕಾರಿನ ಹಿಂದ್ಗಡೆ ಫ್ರೇಮು ಸೊಟ್ಟ ಆಗ್ಬುಟ್ಟೈತೆ ಅಣ್ಣ."

"ನೀನು ನೆಟ್ಟಗೆ ಮಾಡಿದ್ದು ಯಾವ್ದದೆ?" ಎಂದವರು ನನ್ನ ಕಡೆ ನೋಡಿದರು. ಅವರು ನನ್ನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ನೋಡಿ, "ಭಾನ್ವಾರ ಬತ್ತೀನಿ, ಓಗು" ಎಂದರು.

ಬಂದರು. ಅಂಗಳದಿಂದ ಜಗಲಿಗೆ ಮಾತ್ರ ಕಾಲಿಡಲಿಲ್ಲ. ಅಮ್ಮ ನನ್ನ ಕೈಲಿ ಕಾಫಿ ಕಳಿಸಿದಳು. "ಈಗ್ತಾನೆ ಕುಡ್ದೆ ಮಗಾ" ಎಂದು ವಾಪಸ್ ಕಳಿಸಿದರು. ಆಮೇಲೆ ಎದ್ದು ರಸ್ತೆಯಂಚಿನ ಅಂಗಡಿಗೆ ಹೋಗಿ ಟೀ ಕುಡಿದು ಬಂದರು. ಆರಿದ ಕಾಫಿಯನ್ನು ಅಮ್ಮ ಬಿಸಿ ಕೂಡ ಮಾಡದೆ ತಾನೇ ಕುಡಿದಳು.

ಮುಂದಿನ ಭಾನುವಾರ ಅವಳು ಕಾಫಿ ಕಳಿಸಲಿಲ್ಲ. ಅವರು ಬರುವ ಮೊದಲೇ ತನ್ನ ಹಳೇ ಸೀರೆಯೊಂದನ್ನು ಸೀಬೆಮರಕ್ಕೂ ಕಿಟಕಿಯ ಸರಳಿಗೂ ಎಳೆದು ಕಟ್ಟಿದಳು. ದೊಡ್ಡಪ್ಪ ಅದನ್ನೊಮ್ಮೆ ತಲೆಯೆತ್ತಿ ನೋಡಿ, ದಿನವಿಡೀ ಅದರ ನೆರಳಲ್ಲೇ ಕೆಲಸ ಮಾಡಿದರು.

ಮೂಲೆಯಿಂದ ಮೂಲೆಗೆ ದಾರ ಹಿಡಿಸಿ, ಎರಡು ಕಡೆಯೂ ಸಮ ಬರುವವರೆಗೆ ಪೈಪುಗಳನ್ನು ತಟ್ಟಿಸುತ್ತಿದ್ದರು. "ಅಂಗಲ್ಲ ಕಣ್ಲಾ, ಬಿಸಿಗೆ ಎಳ್ಕತದೆ. ಒಂದೇ ಕಡೆ ಬೆಸೀಬ್ಯಾಡ, ಆ ಕಡೆ ಒಂದು ಚುಕ್ಕಿ, ಈ ಕಡೆ ಒಂದು ಚುಕ್ಕಿ ಆಕು" ಎಂದು ಬೈಯುತ್ತಿದ್ದರು. ಬೈಸಿಕೊಳ್ಳುವಾಗ ಅಪ್ಪನ ಮುಖದಲ್ಲಿ ನಾನು ಯಾವತ್ತೂ ಕಾಣದಿದ್ದ ಗೆಲುವಿತ್ತು.

ಕೊನೆಗೊಂದು ಭಾನುವಾರ ಚಕ್ರ ಹಾಕಿ ಇಳಿಸಿದಾಗ ನಾಲ್ಕೂ ನೆಲ ಕಚ್ಚಿದವು. ನಾನು ಕಿರುಚಿದೆ.

"ತಡಿ ಮಗಾ. ಭಾರ ತಡೀತದಾ ನೋಡ್ಬೇಕು" ಎಂದರು ದೊಡ್ಡಪ್ಪ. ಫ್ರೇಮಿನ ಮೇಲೆ ಹಲಗೆ ಹಾಸಿ ಒಂದು ಮೂಲೆಗೆ ಅಪ್ಪನನ್ನು, ಇನ್ನೊಂದಕ್ಕೆ ನನ್ನನ್ನು ಹತ್ತಿಸಿ, ಮೂರನೆಯದಕ್ಕೆ ತಾವೇ ಹತ್ತಿದರು. ನಾಲ್ಕನೆಯ ಮೂಲೆ ಖಾಲಿ. ಫ್ರೇಮು ಒಂದು ಕಡೆ ವಾಲಿತು.

"ಪಕ್ಕದ ಮನೆಯವರನ್ನ ಕೂಗ್ಲಾ ಅಣ್ಣ?" ಎಂದ ಅಪ್ಪ.

ದೊಡ್ಡಪ್ಪ ಜಗಲಿಯ ಕಡೆ ತಿರುಗಿದರು. "ನೋಡ್ತಾ ಕೂತಿದ್ದೀಯಲ್ಲವ್ವ, ನೀನೂ ಬಾ, ಮೇಲಕ್ಕೆ ಅತ್ತು."

ಅವರು ಅಮ್ಮನ ಜೊತೆ ಆಡಿದ ಮೊದಲ ಮಾತು ಅದು. ಅಮ್ಮ ಮೊರ ಕೆಳಗಿಟ್ಟಳು. ಮಡಿಲಿನಿಂದ ಅವರೆಕಾಳು ಚೆಲ್ಲಿದ್ದನ್ನೂ ನೋಡದೆ ಸೆರಗು ಸಿಕ್ಕಿಸಿ ಬಂದಳು. ಹಿಡಿದು ಹತ್ತಲು ಆಸರೆಯೇನೂ ಇರಲಿಲ್ಲ. ದೊಡ್ಡಪ್ಪ ತಮ್ಮ ಮೊಣಕೈ ಚಾಚಿದರು. ಅವಳು ಹಿಡಿದು ಹತ್ತಿದಳು.

"ಊಂ, ಈಗ ಎಲ್ಲಾ ಕುಣೀರಿ!"

ನಾಲ್ಕು ಜನ ಕುಣಿದೆವು. ಸ್ಪ್ರಿಂಗು ಕಿರುಗುಟ್ಟಿತು, ಬೆಸುಗೆ ಒಂದೂ ಬಿಡಲಿಲ್ಲ. ಅಪ್ಪ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ.

"ಬಾವ, ಕೈ ತೊಳ್ಕೊಳ್ಳಿ. ಬಿಸಿ ಮುದ್ದೆ ಕಟ್ತೀನಿ" ಎಂದಳು ಅಮ್ಮ, ಕೆಳಗಿಳಿಯುತ್ತ.

ದೊಡ್ಡಪ್ಪ ತೊಟ್ಟಿಯ ಹತ್ತಿರ ಬಹಳ ಹೊತ್ತು ಕೈ ಉಜ್ಜಿದರು. ಗ್ರೀಸು ಹೋದ ಮೇಲೂ ಉಜ್ಜುತ್ತಿದ್ದರು. ಆಮೇಲೆ ಮೆಟ್ಟಿಲು ಹತ್ತಿ ಬಂದು ಚಾಪೆಯ ಮೇಲೆ ಕೂತರು. ಹಿತಕಿದ ಬೇಳೆ ಸಾರಿಗೆ ಮುದ್ದೆ ಅದ್ದಿ ನುಂಗಿ, "ಉಪ್ಪು ಒಸಿ ಕಮ್ಮಿ ಕಣವ್ವ" ಎಂದರು. ಅಮ್ಮ ನಗುತ್ತಾ ಉಪ್ಪು ತಂದಳು.

ಕಾರು ಬೇಸಿಗೆಯ ಹೊತ್ತಿಗೆ ಓಡಿತು. ಕೆಲವು ವರ್ಷ ಓಡಿ ನಿಂತಿತು. ಭಾನುವಾರಗಳಂದು ದೊಡ್ಡಪ್ಪ ಬರುವುದು ಮಾತ್ರ ಅವರು ಇರುವವರೆಗೂ ನಿಲ್ಲಲಿಲ್ಲ. ಈಗ ಅವರಿಲ್ಲ. ಅಪ್ಪ ರಿಪೇರಿ ಅಂಗಡಿ ಮುಚ್ಚಿದ್ದಾನೆ. ಸಿಮೆಂಟು ಹಾಕಿದ ಅಂಗಳದಲ್ಲಿ ಶೋರೂಮಿನ ಕಾರು ನಿಂತಿದೆ. ಅದನ್ನು ಬೆಸೆದವರು ಯಾರೋ ನಮಗೆ ಗೊತ್ತಿಲ್ಲ. ಮನೆಯವರೆಲ್ಲ ಸೇರಿ ಮೈ ಬಗ್ಗಿಸುವಂಥ ಕೆಲಸ ಆಮೇಲೆ ನಮ್ಮ ಮನೆಗೆ ಬರಲೂ ಇಲ್ಲ.

ಮೊನ್ನೆ ಅಮ್ಮನನ್ನು ಕೇಳಿದೆ: "ಅಷ್ಟು ವರ್ಷ ಮಾತಾಡಿಸ್ದೇ ಇದ್ದೋರು ಒಂದ್ ಸಲ ಕರೆದಿದ್ದಕ್ಕೇ ಹೋಗ್ಬಿಟ್ಯಲ್ಲ, ಕೋಪ ಇರಲಿಲ್ವಾ?"

"ಇತ್ತು ಕಣೇ" ಎಂದಳು. "ಕರೆಯಕ್ಕೆ ಅವ್ರಿಗೆ ಎಷ್ಟು ಕಷ್ಟ ಆಯ್ತು ಅನ್ನೋದೂ ಕಾಣ್ತಿತ್ತು."