ಚೀಲದ ಮೇಲಿನ ಐವತ್ನಾಲ್ಕು

ನಮ್ಮ ಕಾರ್ಖಾನೆಯ ಲೆಕ್ಕದಲ್ಲಿ ಗೋಣಿಚೀಲದ ನಿಗದಿತ ದರ ಐವತ್ತು ರೂಪಾಯಿ. ಎಷ್ಟಕ್ಕೇ ಕೊಂಡರೂ ದಾಸ್ತಾನಿಗೆ ಐವತ್ತೇ. ಹೆಚ್ಚಿಗೆ ಕೊಟ್ಟದ್ದು ದರ ವ್ಯತ್ಯಾಸದ ಖಾತೆಗೆ. ಈ ಏರ್ಪಾಡು ನನ್ನದೇ, ತಪ್ಪುವ ಮಾತೇ ಇಲ್ಲ.

ಹರಿದು ಬಂದಿದ್ದ ನೂರು ಚೀಲ ಹಿಂತಿರುಗಿಸಲು ಹುಣಸೂರಿನ ವ್ಯಾಪಾರಿ ರಫೀಕ್ ಭಾಯಿ ಅಂಗಡಿಗೆ ಹೋದೆ. ನಮ್ಮ ಕಂಪ್ಯೂಟರು ಕೊಟ್ಟಿದ್ದ ಐದು ಸಾವಿರದ ವಾಪಸಿನ ಚೀಟಿ ಚಾಚಿದೆ. ಅವರು ಚೀಟಿ ಬಿಟ್ಟು ಕಟ್ಟು ನೋಡಿದರು. ಮಾರಿದ ದರವನ್ನು ಮೇಲಿನ ಚೀಲದ ಮೇಲೇ ಬರೆಯುವುದು ಅವರ ರೂಢಿ.

“ನಾನು ಇಸ್ಕೊಂಡಿದ್ದು ಐವತ್ನಾಲ್ಕು ಕಣ್ರೀ. ಕಮ್ಮಿ ಯಾಕ್ ಕೇಳ್ತೀರಿ?”

“ಕಂಪ್ಯೂಟರು ಅಂಗೇ ಹೇಳ್ತದೆ, ಭಾಯಿ.”

“ಅದಕ್ಕೆ ಯಾರ್ ಕಲ್ಸಿದ್ರೋ!” ಅಂತ ಐದು ಸಾವಿರದ ನಾನೂರು ಎಣಿಸಿಕೊಟ್ಟರು.

“ಯಾರೋ ದಡ್ಡ ಇರ್ಬೇಕು ಬುಡಿ,” ಅಂದೆ. ವಾಪಸಿನ ಚೀಟಿಗೂ ಐವತ್ತೇ ಬರುವಂತೆ ಮಾಡಿಟ್ಟವನು ನಾನೇ ಅಂತ ಹೇಳಲು ಹೋಗಲಿಲ್ಲ.