ಮೊದಲ ನೀರಿನ ಫೋಟೊ

ಭೀಮರಾಯನಗುಡಿ ಕ್ಯಾಂಪಿನಲ್ಲಿ ಭಾನುವಾರ ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಪಕ್ಕದ ಮನೆಗೆ ಹೋಗುತ್ತಿದ್ದವರು ನಾವು ಮಾತ್ರ. ನಮ್ಮ ಬಚ್ಚಲಿನ ಕಿಟಕಿಗೆ ಅಪ್ಪ ಕಪ್ಪು ಕಾಗದ ಅಂಟಿಸಿ, ಹಂಡೆಯ ಮೇಲೆ ಹಲಗೆಯಿಟ್ಟು, ತಟ್ಟೆಗಳಲ್ಲಿ ಫೋಟೊ ತೊಳೆಯುವ ನೀರು ಸುರಿದಿರುತ್ತಿದ್ದರು. ಕೆಂಪು ಬಲ್ಬಿನ ಕೆಳಗೆ ನಾನು ಮತ್ತು ತಂಗಿ ರೇಣು ಅವರ ಎರಡು ಮೊಳಕೈಗಳಿಗೆ ಒತ್ತಿಕೊಂಡು ನಿಲ್ಲುತ್ತಿದ್ದೆವು. “ಮೈ ತೊಳ್ಕೊಳ್ಳೋ ಜಾಗದಾಗ ಊರವ್ರ ಮಾರಿ ತೊಳ್ಯಾಕತ್ತಾರ ನೋಡ್ರಿ,” ಎಂದು ಅವ್ವ ನೆರೆಯವರ ಮುಂದೆ ನಗುತ್ತಿದ್ದಳು.

ಅಪ್ಪ ಕಾಲುವೆ ಆಫೀಸಿನಲ್ಲಿ ನಕ್ಷೆ ಬರೆಯುವವರು. ನಮ್ಮ ಕೈಗೆ ಕ್ಯಾಮೆರಾ ಬೇಗನೆ ಕೊಟ್ಟರು, ಆದರೆ ರೀಲು ಹಾಕದೆ. ದಿನವಿಡೀ ಖಾಲಿ ಕ್ಯಾಮೆರಾ ಕ್ಲಿಕ್ಕಿಸಿ ಸಂಜೆ ಅವರಿಗೆ ವರದಿ ಒಪ್ಪಿಸಬೇಕು.

“ಅವ್ವ ರೊಟ್ಟಿ ಬಡಿಯೋದು ಹೊಡದೆ ಅಪ್ಪಾ.”

“ಬೆಳಕು ಯಾವ ಕಡಿಂದ ಬಂದಿತ್ತು?”

“ನೋಡಲಿಲ್ಲ.”

“ಹಂಗಾರ ಕೆಟ್ಟೈತಿ ತಗಿ. ನಾಳಿ ಮತ್ತ ಹೊಡಿ.”

ಇಲ್ಲದ ಫೋಟೊ ಕೆಟ್ಟಿತೆಂದು ರೇಣು ಒಮ್ಮೆ ಅತ್ತೂ ಬಿಟ್ಟಳು.

ನಮ್ಮ ಕಾಲುವೆಗೆ ಮೊದಲ ಸಲ ನೀರು ಬಿಡುವ ದಿನ ಬಂತು. ವರ್ಷಗಟ್ಟಲೆ ಕಾಗದದ ಮೇಲೆ ನೀಲಿ ಗೆರೆಯಾಗಿ ಎಳೆದದ್ದು ಒಣ ಮಣ್ಣನ್ನು ಮುಟ್ಟುವ ಗಳಿಗೆಯೇ ಅಪ್ಪನಿಗೆ ಬೇಕಿತ್ತು. “ಮೊದಲನೇ ನೀರು ಒಂದ ಸಲ ಬರತೈತಿ ತಾಯಿ. ತಪ್ಪಿದ್ರ ಮುಗೀತು,” ಎನ್ನುತ್ತಲೇ ಅವಸರದಲ್ಲಿ ರೀಲು ಹಾಕಿದರು. ಏರಿಯ ಮೇಲೆ ಜನ ಸಾಲಾಗಿ ನಿಂತಿದ್ದರು. ಕಂದು ನಾಲಗೆಯಂತೆ ನೀರು ಕಾಣಿಸಿತು. ಅಪ್ಪ ಒಂದರ ಹಿಂದೊಂದು ಹೊಡೆದರು. ನಾನು ಮಾತ್ರ ಕ್ಯಾಮೆರಾದ ಮೇಲಿನ ಗುಂಡಿ ನೋಡುತ್ತಿದ್ದೆ. ಒಳಗೆ ರೀಲು ಸರಿದಂತೆಲ್ಲ ಅದು ತಿರುಗಬೇಕೆಂದು ಹೇಳಿಕೊಟ್ಟವರು ಅವರೇ.

“ಅಪ್ಪಾ, ಗುಂಡಿ ತಿರಗವಲ್ದು.”

ಅವರ ನಗು ಹಾಗೆಯೇ ನಿಂತಿತು. ರೀಲಿನ ತುದಿ ಒಳಗೆ ಸಿಕ್ಕೇ ಇರಲಿಲ್ಲ; ಒಂದು ಫೋಟೊವೂ ಬಿದ್ದಿರಲಿಲ್ಲ. ನೀರು ನಮ್ಮನ್ನು ದಾಟಿ ಮುಂದೆ ಹೋಗಿತ್ತು.

“ಹತ್ರಿ ಸೈಕಲ್,” ಎಂದರು.

ನಾನು ಮುಂದಿನ ದಂಡಿಗೆಯ ಮೇಲೆ, ರೇಣು ಹಿಂದಿನ ಕ್ಯಾರಿಯರ್ ಮೇಲೆ. ಕಾಲುವೆಯಲ್ಲಿ ನೀರು, ಏರಿಯ ಮೇಲೆ ನಾವು. “ಹಿಂದ ಬಿತ್ತು ಅಪ್ಪಾ... ಇಲ್ಲ, ಮತ್ತ ಬರಾಕತ್ತೈತಿ!” ರೇಣುವಿನ ಬಾಯಿಗೆ ಬಿಡುವಿರಲಿಲ್ಲ. ಅಪ್ಪ ಬಹಳ ಮುಂದೆ ಹೋಗಿ, ಕುರಿ ಬಿಟ್ಟುಕೊಂಡು ಕುಳಿತಿದ್ದ ಮುದುಕರೊಬ್ಬರ ಕಂಬಳಿ ಬೇಡಿ, ರೀಲು ಮತ್ತೆ ಸಿಕ್ಕಿಸಲು, ಬೆಳಕು ತಾಗದಂತೆ ಅದರೊಳಗೆ ಕ್ಯಾಮೆರಾ ಸಮೇತ ಹೊಕ್ಕರು.

“ಏನ್ರಿ ಸಾಹೇಬ್ರ, ತತ್ತಿಗೆ ಕಾವು ಕೊಡಾಕತ್ತೀರೇನು?” ಎಂದರು ಮುದುಕರು.

“ಹೌದ್ರಿ ಯಜಮಾನ್ರ. ಮರಿ ಆದ್ರ ನಿಮಗೊಂದು ಕೊಡತೀನಿ,” ಎಂದಿತು ಕಂಬಳಿ.

ಬೆವರಿಳಿಸುತ್ತ ಹೊರಬಂದ ಅಪ್ಪ ರೀಲು ಸರಿಸಿದರು. ಗುಂಡಿ ತಿರುಗಿತು. ತಿರುವಿನಲ್ಲಿ ನೀರು ಕಂಡೇಬಿಟ್ಟಿತು. ಅವರು ಕ್ಯಾಮೆರಾವನ್ನು ನನ್ನ ಕೈಗಿಟ್ಟರು. “ನೀ ನೋಡಿದಿ, ನೀನ ಹೊಡಿ.”

“ಬೆಳಕು ಬಲಕ್ಕೈತಿ ಅಪ್ಪಾ.”

“ನಾ ಕೇಳೀನೇನು? ಹೊಡಿ, ಹೊಡಿ!”

ಹತ್ತಿಕಟ್ಟಿಗೆ, ಕುರಿಹಿಕ್ಕೆ, ಯಾರದೋ ಒಂಟಿ ಚಪ್ಪಲಿಯನ್ನು ತಳ್ಳಿಕೊಂಡು ಬರುತ್ತಿರುವ ನೀರು; ಅದರ ಮುಂದೆ ಬಿರುಕು ಬಿಟ್ಟ ಒಣ ಮಣ್ಣು. ನನ್ನ ಮೊದಲ ಫೋಟೊ ಅದೇ.

ಅಪ್ಪನನ್ನು ಕಡೆಯ ಸಲ ಕಂಡದ್ದು, ಎಷ್ಟೋ ವರ್ಷಗಳ ಮೇಲೆ, ಯಾದಗಿರಿಯ ನನ್ನ ಮನೆಯಲ್ಲಿ. ನನ್ನ ಮಗಳಿಗೂ ಈ ಹುಚ್ಚು ಹತ್ತಿಸಿದ್ದೆ. ಅಂದು ಅವಳು ಬಚ್ಚಲಿನ ಕತ್ತಲಲ್ಲಿ ಆ ಹಳೆಯ ನೆಗೆಟಿವ್‌ನಿಂದಲೇ ಫೋಟೊ ಮಾಡುತ್ತಿದ್ದಳು. ಒಳಗೆ ನಿಲ್ಲಲು ಮೊಣಕಾಲು ಒಪ್ಪದೆ ಅಪ್ಪ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡಿದ್ದರು.

“ಏನ್ ಬಂತವ್ವ?”

“ಏರಿ ಬಂತು ಅಜ್ಜ.”

“ನೀರು?”

“ತಡೀರಿ... ಬಂತು, ಬರಾಕತ್ತೈತಿ.”

“ಕಾಲು ಮ್ಯಾಲ ತಗೋರಿ ಮತ್ತ,” ಎಂದು ಹೊರಗಿನಿಂದ ನಕ್ಕರು.

ತಾವಿದ್ದ ಶಹಾಪುರಕ್ಕೆ ಮರಳಿದ ಅಪ್ಪ ಆ ಬೇಸಿಗೆ ದಾಟಲಿಲ್ಲ. ಮೊನ್ನೆ ಮಗಳು ಬೋನಾಳ ಕೆರೆಯ ಹಕ್ಕಿಯ ಫೋಟೊ ತೊಳೆಯುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ, ಎಲ್ಲವೂ ಕಾಣುತ್ತಿತ್ತು. ಆದರೂ ಅವಳು ಬಾಗಿಲ ಕಡೆಗೆ ತಿರುಗಿ ಒಂದೊಂದನ್ನೇ ಗಟ್ಟಿಯಾಗಿ ಹೇಳಿದಳು: “ಕೊಕ್ಕು ಬಂತು. ರೆಕ್ಕಿ ಬಂತು.”