ಸೋತೋರು ಹೊಡೆದ ಸುಣ್ಣ

ನಾನು ಅಕ್ಷರ ಕಲಿತಿದ್ದು ಮೂವತ್ತು ದಾಟಿದ ಮೇಲೆ, ಒಂದು ಪಕ್ಷದ ಆಫೀಸಲ್ಲಿ. ಕುಣಿಗಲ್ ಕಡೆಯಿಂದ ಬಂದು ವಿಲ್ಸನ್ ಗಾರ್ಡನ್‌ನ ಮರದ ಮಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ಆಗಿನ್ನೂ ಜಯನಗರದಲ್ಲಿ ಅರ್ಧ ಸೈಟು, ಅರ್ಧ ಹೊಲ. ಅಲ್ಲೊಂದು ಸಣ್ಣ ರೂಮಲ್ಲಿ ಪಕ್ಷದ ಆಫೀಸು, ಸಂಜೆ ಆದ್ರೆ ಅದೇ ರೂಮಲ್ಲಿ ದೊಡ್ಡೋರ ಶಾಲೆ. ಪಾಠ ಹೇಳ್ತಿದ್ದೋರು ನಮ್ಮ ಮೇಷ್ಟ್ರು. ಹೈಸ್ಕೂಲಿಂದ ರಿಟೈರ್ ಆದೋರು, ಆ ಭಾಗಕ್ಕೆ ಪಕ್ಷದ ಅಧ್ಯಕ್ಷರೂ ಅವರೇ.

ಅರವತ್ತರ ದಶಕದ ಶುರುವಿನ ಆ ಚುನಾವಣೆಲಿ ಇಡೀ ದೇಶದಲ್ಲೇ ನಮ್ಮ ಪಕ್ಷ ಮಣ್ಣು ಮುಕ್ತು. ಇಲ್ಲಿ ನಿಂತಿದ್ದ ಮೇಷ್ಟ್ರೂ ಸೋತ್ರು. ಕಾರ್ಯದರ್ಶಿ ಆಗಿದ್ದ ವಕೀಲ್ರು, ಇನ್ನು ಈ ಪಕ್ಷಕ್ಕೆ ದಾರಿ ಇಲ್ಲ, ಗೆದ್ದೋರ ಜೊತೆ ಸೇರ್ಕೊಂಡುಬಿಡೋಣ ಅಂದ್ರು. ಭಾನುವಾರ ಸಂಜೆ ಮೀಟಿಂಗ್ ಅಂತಾಯ್ತು. ನಂಗೆ ದೇಶದ ರಾಜಕೀಯ ಅಷ್ಟೇನೂ ತಿಳೀತಿರ್ಲಿಲ್ಲ. ಪಕ್ಷ ಹೋದ್ರೆ ರೂಮ್ ಹೋಗುತ್ತೆ, ರೂಮ್ ಹೋದ್ರೆ ಶಾಲೆ ಹೋಗುತ್ತೆ, ಅಷ್ಟು ಗೊತ್ತಿತ್ತು. ಪೇಪರ್‌ನಲ್ಲಿ ದೊಡ್ಡಕ್ಷರದ ಸಾಲು ಓದ್ತಿದ್ದೆ, ಕೆಳಗಿನ ಸಣ್ಣಕ್ಷರ ಇನ್ನೂ ಕೈಗೆ ಸಿಕ್ಕಿರ್ಲಿಲ್ಲ.

ಮೀಟಿಂಗ್ ಸಂಜೆ ಇದ್ರೆ, ಬೆಳಿಗ್ಗೆನೇ ಮೇಷ್ಟ್ರು ಒಂದು ಬಕೆಟ್ ಸುಣ್ಣ ಕಲಸಿಕೊಂಡು ನಿಂತಿದ್ರು. ಪ್ರಚಾರದಲ್ಲಿ ಹೆಸರು ಬರೆಯೋಕೆ ಗೋಡೆ ಕೇಳುವಾಗ, ಚುನಾವಣೆ ಮುಗಿದ ಮೇಲೆ ನಾವೇ ಬಂದು ಅಳಿಸಿ ಕೊಡ್ತೀವಿ ಅಂತ ಮನೆಯೋರಿಗೆ ಹೇಳಿದ್ರಂತೆ. ಎಲ್ಲಾ ಪಕ್ಷದೋರೂ ಹಂಗೇ ಹೇಳೋರು. ಯಾರೂ ಬರ್ತಿರ್ಲಿಲ್ಲ, ಮನೆಯೋರೂ ಕಾಯ್ತಿರ್ಲಿಲ್ಲ. ವಕೀಲ್ರು ಮುಖ ಗಂಟು ಹಾಕ್ಕೊಂಡೇ ಬಂದ್ರು, ನಾನು ಬಕೆಟ್ ಹೊತ್ಕೊಂಡೆ.

ಭೈರಸಂದ್ರದ ಹಳೇ ಊರಲ್ಲಿ ಮೊದಲನೇ ಮನೆ ಒಬ್ಬ ಅಜ್ಜಿದು. ಜಗುಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿತ್ತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ನಾರಿನ ಕುಂಚ ಅದ್ದಿ, ಕೆಮ್ಮಣ್ಣಲ್ಲಿ ಬರೆದಿದ್ದ ತಮ್ಮ ಹೆಸರ ಮೇಲೇ ಸುಣ್ಣ ಎಳೆದ್ರು.

"ಗೆದ್ದೋರು ಕಾಣ್ಲಿಲ್ಲ, ಸೋತೋರು ಬಂದವ್ರೆ," ಅಂತು ಅಜ್ಜಿ. "ನಾನ್ ಓಟ್ ಯಾರಿಗಾಕ್ದೆ ಅಂತ ಕೇಳಾಕಿಲ್ವಾ?"

"ಇಲ್ಲಮ್ಮ," ಅಂದ್ರು ಮೇಷ್ಟ್ರು, ಗೋಡೆ ಕಡೆನೇ ನೋಡ್ತಾ.

"ನಿಮಗಂತೂ ಹಾಕ್ಲಿಲ್ಲ."

ವಕೀಲ್ರು ಏನೋ ಹೇಳೋಕೆ ಬಾಯಿ ತೆಗೆದ್ರು. ಮೇಷ್ಟ್ರು ಅವರ ಕೈಗೆ ಇನ್ನೊಂದು ಕುಂಚ ಕೊಟ್ಟುಬಿಟ್ರು. ಕುಂಚ ಆಡ್ತಾನೇ ಇತ್ತು, ಅಜ್ಜಿ ಮಾತೂ ನಡೀತಾನೇ ಇತ್ತು. ಹೊಲ ಲೇಔಟ್‌ಗೆ ಹೋಯ್ತಂತೆ. ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಮನೆಗಳು, ಆ ಮನೆಗಳ ಒಳಗೇ ನಲ್ಲಿ. ಇತ್ತ ಹಳೇ ಊರಿನೋರು ಇನ್ನೂ ಬಾವಿ ಸೇದ್ತಾ ಇದ್ರು.

"ನಮ್ಮ ಹೊಲ್ದಾಗೆ ನೀರು ಬರ್ತೈತೆ, ನಮ್ಮನ್ಯಾಗಿಲ್ಲ. ನೀವ್ ಬಂದು ತಗಡಿನ ಕೊಳವೆ ಬಾಯಿಗಿಟ್ಕೊಂಡು ರಷ್ಯಾ ಅಮೆರಿಕ ಅಂದ್ರಿ."

ಮೇಷ್ಟ್ರ ಕುಂಚ ನಿಂತ್ಹೋಯ್ತು. ತಿರುಗಿ ನೋಡ್ಲಿಲ್ಲ. ಕುಂಚ ಇನ್ನೊಂದ್ಸಲ ಅದ್ದಿ ಮತ್ತೆ ಶುರು ಮಾಡಿದ್ರು.

ಆಮೇಲೆ ಪ್ರತಿ ಗೋಡೆ ಹತ್ರಾನೂ ಹಿಂಗೇ. ಪ್ರಚಾರದಲ್ಲಿ ಕೈ ಮುಗಿದು ಎದುರು ನಿಂತಾಗ ಜನ ಹೂಂ ಅನ್ನೋದು ಬಿಟ್ಟು ಬೇರೆ ಮಾತಾಡಿರ್ಲಿಲ್ಲ. ಬೆನ್ನು ತೋರಿಸಿ ಸುಣ್ಣ ಹೊಡೀತಾ ನಿಂತ್ರೆ ಎಲ್ಲಾ ಹೇಳ್ಕೊಂಡ್ರು. ಒಂದು ಮನೆಯಾತ ಪಕ್ಕದಲ್ಲೇ ಇದ್ದ ಗೆದ್ದೋರ ಬರಹ ತೋರಿಸಿ, ಇದನ್ನೂ ಹೊಡೀರಿ ಸಾರ್, ಅವರೆಲ್ಲಿ ಬರ್ತಾರೆ ಅಂದ. ಮೇಷ್ಟ್ರು ಅದಕ್ಕೂ ಹೊಡೆದ್ರು. ತಮ್ಮದಕ್ಕೆ ಎಷ್ಟು ನೀಟಾಗಿ ಹೊಡೆದಿದ್ರೋ ಅಷ್ಟೇ ನೀಟಾಗಿ. ಇವರು ಎಂಥಾ ಮನುಷ್ಯ ಅಂತ ನಾನು ಬಕೆಟ್ ಹಿಡ್ಕೊಂಡು ನೋಡ್ತಾ ನಿಂತುಬಿಟ್ಟೆ.

ಸಂಜೆ ಮೀಟಿಂಗಲ್ಲಿ ವಕೀಲ್ರು ಹೇಳಿದ್ದು ಸುಳ್ಳೇನಲ್ಲ. ಗೆದ್ದೋರ ಜೊತೆ ಇದ್ರೆ ನಲ್ಲಿ ಬೇಗ ಬರುತ್ತೆ, ಹೊರಗೆ ನಿಂತು ಕೂಗಿದ್ರೆ ಯಾರು ಕೇಳ್ತಾರೆ ಅಂದ್ರು. ಸುಮಾರು ಜನ ತಲೆ ಆಡಿಸಿದ್ರು. ಮೇಷ್ಟ್ರು ಎದ್ರು, ಕನ್ನಡಕದ ಮೇಲೆಲ್ಲಾ ಸುಣ್ಣದ ಚುಕ್ಕೆ.

"ಹೋಗೋರು ಹೋಗಿ, ತಪ್ಪಲ್ಲ," ಅಂದ್ರು. "ಅಲ್ಲಿದ್ದುಕೊಂಡು ನಲ್ಲಿ ಹಾಕಿಸಿದ್ರೆ ನಾನೇ ಬಂದು ಕೈ ಮುಗೀತೀನಿ. ಆದ್ರೆ ಆಯಮ್ಮ ಬೈಯೋದಕ್ಕೂ ಒಬ್ರು ಕೈಗೆ ಸಿಗಬೇಕಲ್ಲ. ನಾನು ಇಲ್ಲೇ ಇರ್ತೀನಿ."

ಇನ್ಮೇಲೆ ತಗಡಿನ ಕೊಳವೆ ಬೇಡ, ಭಾನುವಾರ ಭಾನುವಾರ ಹಳೇ ಊರುಗಳಿಗೆ ಹೋಗೋಣ, ಯಾರ ಗೋಡೆಗೆ ಸುಣ್ಣ ಬೇಕೋ ಹೊಡ್ಕೊಂಡು ಅವರು ಹೇಳಿದ್ದು ಕೇಳೋಣ, ಕೇಳಿದ್ದನ್ನ ಸೋಮವಾರ ಕಾರ್ಪೊರೇಷನ್‌ಗೆ ಹೋಗಿ ಹೇಳೋಣ ಅಂದ್ರು. ಪಕ್ಷ ಅಂದ್ರೆ ಇಷ್ಟೇನಾ ಅಂತ ಹಿಂದಿನಿಂದ ಯಾರೋ ನಕ್ಕರು. ಸದ್ಯಕ್ಕೆ ಇಷ್ಟೇ ಅಂದ್ರು ಮೇಷ್ಟ್ರು.

ವಕೀಲ್ರು ಹೋದ್ರು, ಅವರ ಜೊತೆ ಅರ್ಧಕ್ಕಿಂತ ಜಾಸ್ತಿ ಜನ ಹೋದ್ರು. ಉಳಿದೋರು ಒಂದು ಚಾಪೆ ಮೇಲೆ ಕೂರೋಷ್ಟು.

ಮಾರನೇ ಸಂಜೆ ಮಿಲ್ ಬಿಟ್ಟು, ಬಾಗಿಲು ಹಾಕಿರುತ್ತೋ ಏನೋ ಅಂತ ಅಂಜ್ಕೊಂಡೇ ಹೋದೆ. ತೆಗೆದಿತ್ತು. ಕಾರ್ಪೊರೇಷನ್‌ನಲ್ಲಿ ಅರ್ಧ ದಿನ ಬೆಂಚ್ ಮೇಲೆ ಕಾದು ಬಂದಿದ್ದ ಮೇಷ್ಟ್ರು ಅವತ್ತಿನ ಪೇಪರ್ ಬಿಚ್ಚಿ ನನ್ನ ಮುಂದೆ ಇಟ್ರು. ಸಣ್ಣಕ್ಷರದ ಮೇಲಿಟ್ಟ ಬೆರಳಿನ ಉಗುರು ಇನ್ನೂ ಬೆಳ್ಳಗಿತ್ತು.

"ಇಲ್ಲಿಂದ ಓದಪ್ಪ," ಅಂದ್ರು.